ಕಪ್ಪೆ ಸಾಕುವ ಆಸೆಯೇ? ಹಿಡಿಯಬೇಡಿ, ತೊಟ್ಟಿ ಇಡಿ

ಮುಂಗಾರು ಹಿಡಿದುಕೊಂಡಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಈ ರಗಳೆ ಇದ್ದದ್ದೇ. ಗದ್ದೆ ಬದುವಿನಿಂದಲೋ ಚರಂಡಿ ಪಕ್ಕದಿಂದಲೋ ಒಂದು ಕಪ್ಪೆ ಡಬ್ಬಿಯೊಳಗೆ ಕೂತು ಮನೆಗೆ ಬರುತ್ತದೆ. ಮುಚ್ಚಳಕ್ಕೆ ಮೊಳೆಯಲ್ಲಿ ನಾಲ್ಕು ತೂತು ಹೊಡೆದಾಗಿರುತ್ತದೆ. "ಇದನ್ನ ನಾನು ಸಾಕ್ತೀನಿ" ಎಂಬ ಹಟ ಶುರುವಾಗುತ್ತದೆ. "ಥೂ, ಹೊರಗೆ ಬಿಸಾಕು" ಎಂದು ಗದರುವುದು ಸುಲಭ, ಆದರೆ ಕಪ್ಪೆ ಕಂಡರೆ ಅಸಹ್ಯ ಪಡದ ಮಗು ಸಿಕ್ಕಿರುವುದು ಅದೃಷ್ಟ, ಅದನ್ನು ಹಾಳು ಮಾಡಬೇಡಿ. ಡಬ್ಬಿಯ ಕಪ್ಪೆಯನ್ನು ವಾಪಸು ಕಳಿಸಿ, ಬದಲಿಗೆ ಅಂಗಳದಲ್ಲಿ ಒಂದು ತೊಟ್ಟಿ ನೀರಿಡಿ. ಉಳಿದದ್ದನ್ನು ಕಪ್ಪೆಗಳೇ ನೋಡಿಕೊಳ್ಳುತ್ತವೆ.

ಮೊದಲು ಡಬ್ಬಿಯಲ್ಲಿರುವ ಕಪ್ಪೆಯ ಕಥೆ ಮುಗಿಸೋಣ.

ಈಗಾಗಲೇ ಹಿಡಿದು ತಂದಿದ್ದರೆ

ಕಪ್ಪೆಗೆ ಚರ್ಮವೇ ಅರ್ಧ ಶ್ವಾಸಕೋಶ. ನೀರನ್ನೂ ಅದು ಬಾಯಿಂದ ಕುಡಿಯುವುದಿಲ್ಲ, ಹೊಟ್ಟೆಯಡಿಯ, ತೊಡೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹೀಗಾಗಿ ನಮ್ಮ ಕೈಯಲ್ಲಿರುವ ಸೋಪು, ಸೊಳ್ಳೆ ಕ್ರೀಮು, ಉಪ್ಪು ಎಲ್ಲವೂ ನೇರ ಅದರ ಮೈಯೊಳಗೆ ಹೋಗುತ್ತವೆ. ಮುಟ್ಟಲೇಬೇಕಾದರೆ ಬರೀ ನೀರಿನಲ್ಲಿ ಕೈ ತೊಳೆದು, ಒದ್ದೆ ಕೈಯಲ್ಲೇ ಮುಟ್ಟಿ. ಮುಟ್ಟಿದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ. ಕಪ್ಪೆಯ ಮೈಮೇಲೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಮೈತುಂಬ ಗುಳ್ಳೆಯಿರುವ ನೆಲಗಪ್ಪೆಯಾದರೆ ಕಣ್ಣಿನ ಹಿಂದೆ ಎರಡು ಉಬ್ಬು ಗ್ರಂಥಿಗಳಿರುತ್ತವೆ. ಅದನ್ನು ಹಿಂಸಿಸಿದಾಗ ಅಲ್ಲಿಂದ ಹಾಲಿನಂಥ ವಿಷ ಜಿನುಗುತ್ತದೆ. ಮುಟ್ಟಿದರೆ ಕಜ್ಜಿಯಾಗುತ್ತದೆ ಎಂಬುದು ಸುಳ್ಳು, ಆದರೆ ಆ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಚೆನ್ನಾಗಿ ಉರಿಯುತ್ತದೆ. ಮನೆಯ ನಾಯಿ ಅದನ್ನು ಕಚ್ಚಿ ಜೊಲ್ಲು ಸುರಿಸುತ್ತಿದ್ದರೆ ಬಾಯಿಯನ್ನು ನೀರಿನಲ್ಲಿ ತೊಳೆದು ಪಶುವೈದ್ಯರಿಗೆ ತೋರಿಸಿ.

ಕತ್ತಲಾಗಿ ಜೋರು ಮಳೆಯಿದ್ದು, ಈಗಲೇ ಬಿಡಲಾಗದು ಎನ್ನುವ ಹಾಗಿದ್ದರೆ ಒಂದು ರಾತ್ರಿ ಇಟ್ಟುಕೊಳ್ಳಿ, ತಪ್ಪಿಲ್ಲ. ಅಗಲ ಬಾಯಿಯ ಡಬ್ಬಿಯ ತಳಕ್ಕೆ ಒದ್ದೆ ಎಲೆ ಅಥವಾ ಹಳೆ ಹತ್ತಿ ಬಟ್ಟೆ ಹಾಸಿ, ಮೇಲೆ ಸೊಳ್ಳೆಪರದೆ ಕಟ್ಟಿ, ತಂಪಾದ ಮೂಲೆಯಲ್ಲಿಡಿ. ಡಬ್ಬಿ ತುಂಬ ನೀರು ತುಂಬಬೇಡಿ. ಕಪ್ಪೆಯೆಂದರೆ ನೀರಲ್ಲೇ ಇರುವುದು ಎಂದುಕೊಂಡು ಹಾಗೆ ಮಾಡುತ್ತಾರೆ, ಹತ್ತಿ ಕೂರಲು ಜಾಗವಿಲ್ಲದಿದ್ದರೆ ನೆಲಗಪ್ಪೆ ಈಜಿ ಸುಸ್ತಾಗಿ ಮುಳುಗಿ ಸಾಯುತ್ತದೆ. ಅನ್ನ, ಹಾಲು, ಬಿಸ್ಕತ್ತು ಯಾವುದೂ ಬೇಡ. ಅಲುಗಾಡುವ ಹುಳವಲ್ಲದೆ ಬೇರೇನೂ ಅದರ ಕಣ್ಣಿಗೆ ಊಟವಾಗಿ ಕಾಣುವುದೇ ಇಲ್ಲ. ಒಂದು ರಾತ್ರಿ ಉಪವಾಸವಿದ್ದರೆ ಅದಕ್ಕೇನೂ ಆಗದು.

ಮರುದಿನ ಸಂಜೆ, ಬಿಸಿಲಿಳಿದ ಮೇಲೆ, ಹಿಡಿದ ಜಾಗಕ್ಕೇ ಒಯ್ದು ಬಿಡಿ. "ಪಾಪ, ಅಲ್ಲಿ ನೀರಿಲ್ಲ" ಎಂದು ದೂರದ ಕೆರೆಗೆ ಬಿಡುವ ಉಪಕಾರ ಮಾಡಬೇಡಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಇದೆ, ಕಪ್ಪೆಯನ್ನೋ ಅದರ ನೀರನ್ನೋ ಊರಿಂದೂರಿಗೆ ಒಯ್ದರೆ ಅದೂ ಜೊತೆಗೆ ಹೋಗುತ್ತದೆ. ಇಷ್ಟೇ ಅಲ್ಲ, ನಮ್ಮ ಗದ್ದೆಯ ದೊಡ್ಡ ಗೋಂಕರು ಕಪ್ಪೆ, ಅಂದರೆ ಬುಲ್‌ಫ್ರಾಗ್, ಮನುಷ್ಯರ ಕೈಯಿಂದ ಅಂಡಮಾನ್ ಸೇರಿ ಈಗ ಅಲ್ಲಿ ಉಪದ್ರವವಾಗಿದೆ. ಅದರ ಗೊದಮೊಟ್ಟೆ ಮಾಂಸಾಹಾರಿ, ಅಲ್ಲಿಯ ಸ್ಥಳೀಯ ಕಪ್ಪೆಗಳ ಗೊದಮೊಟ್ಟೆಗಳನ್ನು ನುಂಗಿ ಹಾಕುತ್ತದೆ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಕಪ್ಪೆಗಳಿಗೂ ಜಾಗವಿದೆ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳು ಹೊಸ ರೂಪ ಪಡೆದಿವೆ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದಿರಲಿ, ಹಿಡಿಯುವುದನ್ನೂ ಈ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಕಪ್ಪೆಗೂ ಕಾನೂನೇ ಎಂದು ನಗುವವರಿಗೆ ಹಳೆಯ ಸಂಗತಿಯೊಂದನ್ನು ಹೇಳಬೇಕು. ಒಂದು ಕಾಲಕ್ಕೆ ಭಾರತ ಕಪ್ಪೆ ಕಾಲುಗಳನ್ನು ವಿದೇಶಗಳಿಗೆ ಭಾರೀ ಪ್ರಮಾಣದಲ್ಲಿ ರಫ್ತು ಮಾಡುತ್ತಿತ್ತು. 1985ರಲ್ಲಿ ಗೋಂಕರು ಕಪ್ಪೆ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು, 1987ರಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಗದ್ದೆಯ ಹುಳ ತಿನ್ನುವ ಕಪ್ಪೆ ಹೋದರೆ ಆ ಕೆಲಸವನ್ನು ದುಡ್ಡು ಕೊಟ್ಟು ಕೀಟನಾಶಕದಿಂದ ಮಾಡಿಸಬೇಕಾಗುತ್ತದೆ ಎಂಬ ವಾದ ಆಗ ಜೋರಾಗಿ ಕೇಳಿಬಂದಿತ್ತು.

ತೊಟ್ಟಿಯೋ ಗುಂಡಿಯೋ

ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ಮಧ್ಯದೊಳಗೆ, ತೊಟ್ಟಿ ಸಿದ್ಧವಿದ್ದರೆ ಒಳ್ಳೆಯದು. ಆರಿದ್ರಾ ಹೊತ್ತಿಗೆ ಶುರು ಮಾಡಿದರೂ ನಡೆಯುತ್ತದೆ, ಆದರೆ ಮೊದಲ ಜೋರು ಮಳೆಗೆ ಕೂಗುವ ಜಾತಿಗಳು ಆಗಲೇ ಬೇರೆಡೆ ಮೊಟ್ಟೆಯಿಟ್ಟಾಗಿರುತ್ತದೆ.

ಹಳ್ಳಿ ಮನೆಯಾದರೆ ದನಕ್ಕೆ ಕಲಗಚ್ಚು ಇಡುತ್ತಿದ್ದ ಹಳೇ ಕಲ್ಲುಬಾನಿ ಎಲ್ಲಾದರೂ ಮೂಲೆಯಲ್ಲಿ ಬಿದ್ದಿರುತ್ತದೆ. ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಇಲ್ಲವಾದರೆ ಎರಡು-ಮೂರು ಅಡಿ ಅಗಲ, ಒಂದೂವರೆ ಅಡಿ ಆಳದ ಸಿಮೆಂಟ್ ತೊಟ್ಟಿ ಸಾಕು. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಅದು ಗೊದಮೊಟ್ಟೆಗೆ ಆಗದು. ನೀರು ತುಂಬಿಸಿ ಮೂರು-ನಾಲ್ಕು ದಿನ ಬಿಟ್ಟು ಚೆಲ್ಲುವುದನ್ನು ಎರಡು-ಮೂರು ವಾರ ಮಾಡಿ. ಜಾಗ ಹೆಚ್ಚಿದ್ದರೆ ಗುಂಡಿ ತೋಡಿ, ಕೃಷಿಹೊಂಡಕ್ಕೆ ಹಾಸುವ ಸಿಲ್ಪಾಲಿನ್ ಹಾಳೆ ಹಾಸಬಹುದು. ಹಾಳೆಯಡಿ ಕಲ್ಲು, ಬೇರಿನ ತುದಿಗಳನ್ನು ತೆಗೆದು ಹಳೇ ಗೋಣಿಚೀಲ ಹಾಕಿ, ಇಲ್ಲವಾದರೆ ಮೊದಲ ವರ್ಷವೇ ತೂತಾಗುತ್ತದೆ.

ಗುಂಡಿಯಾಗಲಿ ತೊಟ್ಟಿಯಾಗಲಿ, ಒಂದು ವಿಷಯದಲ್ಲಿ ರಾಜಿ ಬೇಡ: ಹತ್ತಿ ಬರಲು ದಾರಿ. ಗುಂಡಿಯಾದರೆ ಒಂದು ದಿಕ್ಕು ಇಳಿಜಾರಾಗಿರಲಿ. ತೊಟ್ಟಿಯಾದರೆ ಒಳಗೆ ಕಲ್ಲುಗಳನ್ನು ಮೆಟ್ಟಿಲಿನಂತೆ ಪೇರಿಸಿ, ಅಥವಾ ಒರಟು ತೊಗಟೆಯ ಕೊಂಬೆಯನ್ನು ನೀರಿನಿಂದ ಅಂಚಿಗೆ ಓರೆಯಾಗಿ ಇಡಿ. ತೋಟದ ನೀರಿನ ಟ್ಯಾಂಕಿಗೂ ಇದೇ ಮಾತು, ಒಂದು ತೆಂಗಿನ ಹೆಡೆಮಟ್ಟೆ ಓರೆಯಾಗಿ ಬಿಟ್ಟರೆ ಎಷ್ಟೋ ಕಪ್ಪೆ, ಓತಿಕ್ಯಾತ ಬದುಕುತ್ತವೆ.

ಜಾಗ ಅರ್ಧ ನೆರಳಿನದಾಗಿರಲಿ. ಹಲಸಿನ ಮರದ ಬುಡವಾದರೆ ಇನ್ನೂ ಒಳ್ಳೆಯದು, ಬೀಳುವ ಎಲೆಗಳು ತಳದಲ್ಲಿ ಕೊಳೆತು ಗೊದಮೊಟ್ಟೆಗೆ ಆಹಾರವಾಗುತ್ತವೆ. ಮಲಗುವ ಕೋಣೆಯ ಕಿಟಕಿಗೆ ತೀರಾ ಹತ್ತಿರ ಬೇಡ. ಗಂಡು ಕಪ್ಪೆಗಳು ರಾತ್ರಿ ಹತ್ತಕ್ಕೆ ಕಚೇರಿ ಶುರುಮಾಡಿದರೆ ಮಂಗಳ ಹಾಡುವುದು ಬೆಳಗಿನ ಜಾವಕ್ಕೆ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಈ ವರ್ಷ ತೊಟ್ಟಿಯ ಯೋಚನೆಯನ್ನೇ ಬಿಡಿ, ಅಥವಾ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ. ಒಂದು ಗೇಣು ನೀರೂ ಕೂಸಿಗೆ ಅಪಾಯ.

ನೀರು, ಗಿಡ

ಮಳೆನೀರೇ ಉತ್ತಮ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಬಿಟ್ಟು ತುಂಬಿಸಿ. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರು ಆ ವಾರ ಬೇಡ.

ಅಂಚಿಗೆ ಕೆಸು, ಬಜೆ, ಒಂದೆಲಗ ಹಚ್ಚಿ. ನೀರೊಳಗೆ ಒಂದು ಕುಂಡ ನೈದಿಲೆ ಇಳಿಸಿದರೆ ನೋಡಲೂ ಚೆಂದ. ಅಂತರಗಂಗೆ ಮಾತ್ರ ತರಬೇಡಿ, ಒಂದು ಮಳೆಗಾಲದಲ್ಲಿ ನೀರೇ ಕಾಣದಂತೆ ಮುಚ್ಚಿಬಿಡುತ್ತದೆ. ತೊಟ್ಟಿಯ ಪಕ್ಕದಲ್ಲಿ ಒಡೆದ ಹಂಚು, ಮಣ್ಣಿನ ಮಡಕೆಯ ಚೂರು, ಒಣಗಿದ ಎಲೆಗಳ ರಾಶಿ ಇರಲಿ. ನೆಲಗಪ್ಪೆಗೆ ಹಗಲು ಅಡಗಲು ಅಷ್ಟು ಸಾಕು.

ಬೇರೆ ಕೆರೆಯಿಂದ "ಜೀವ ಬರಲಿ" ಎಂದು ಒಂದು ಬಕೆಟ್ ನೀರು ತಂದು ಸುರಿಯುವವರಿದ್ದಾರೆ. ಅದು ಬೇಡ. ಪಾಚಿ ತಾನಾಗಿ ಬರುತ್ತದೆ, ಹುಳಗಳು ಹಾರಿ ಬರುತ್ತವೆ, ಕಪ್ಪೆ ನಡೆದು ಬರುತ್ತದೆ.

ಅಡಿಕೆ ಬೆಳೆಗಾರರು ಗಮನಿಸಬೇಕಾದ ಸಂಗತಿ ಒಂದಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದೂ ಗೊದಮೊಟ್ಟೆ ತೊಟ್ಟಿಯಲ್ಲಿ ತುಂಬಿರುವುದೂ ಒಂದೇ ಕಾಲಕ್ಕೆ. ಮೈಲುತುತ್ತದ ತಾಮ್ರ ಗೊದಮೊಟ್ಟೆಗೆ ವಿಷ. ಔಷಧಿ ಹೊಡೆಯುವ ದಿನ ತೊಟ್ಟಿಗೆ ಟಾರ್ಪಾಲು ಮುಚ್ಚಿ, ಮರದಿಂದ ತೊಟ್ಟಿಕ್ಕುವುದು ನಿಂತ ಮೇಲೆ ತೆಗೆಯಿರಿ. ದ್ರಾವಣ ಕಲಸಿದ ಡ್ರಮ್ಮನ್ನು ಆ ತೊಟ್ಟಿಯ ನೀರಿನಲ್ಲಿ ತೊಳೆಯುವುದಂತೂ ಬೇಡವೇ ಬೇಡ.

ಸೊಳ್ಳೆಯ ಲೆಕ್ಕ

ನಿಂತ ನೀರು ಎಂದೊಡನೆ ಡೆಂಗಿ ನೆನಪಾಗುವುದು ನ್ಯಾಯವೇ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಲಾರ್ವ ಸಿಕ್ಕ ಮನೆಗಳಿಗೆ ದಂಡ ಹಾಕುವ ನಿಯಮವನ್ನೂ ತಂದಿತು. "ಕಪ್ಪೆಗೆ ಇಟ್ಟ ನೀರು ಸಾರ್" ಎಂದರೆ ಬಂದವರು ಕೇಳುವುದಿಲ್ಲ, ಕೇಳಬಾರದು ಕೂಡ.

ಕಪ್ಪೆ ಇದ್ದರೆ ಸೊಳ್ಳೆ ಇರುವುದಿಲ್ಲ ಎಂದು ನಂಬಿ ಕೂರಬೇಡಿ. ಕೆಲವು ಗೊದಮೊಟ್ಟೆಗಳು ಲಾರ್ವ ತಿನ್ನುತ್ತವೆ, ಹೆಚ್ಚಿನವು ಪಾಚಿ ಕೆರೆಯುತ್ತಾ ತಮ್ಮ ಪಾಡಿಗಿರುತ್ತವೆ. ಕೆಲಸ ನಮ್ಮದೇ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಆದ್ದರಿಂದ ನಾಲ್ಕು-ಐದು ದಿನಕ್ಕೊಮ್ಮೆ ಅಗಲವಾದ ಚಹಾ ಸೋಸುವ ಜರಡಿ ಹಿಡಿದು ನೀರಿನ ಮೇಲ್ಪದರವನ್ನು ಬಳಿದು ತೆಗೆಯಿರಿ. ತಲೆಕೆಳಗಾಗಿ ನೇತಾಡಿ, ನೆರಳು ಬಿದ್ದೊಡನೆ ಕೊಂಕುತ್ತಾ ಕೆಳಗಿಳಿಯುವವು ಸೊಳ್ಳೆ ಮರಿಗಳು. ತಳದಲ್ಲಿ ತಲೆ ದಪ್ಪಗಿದ್ದು ಬಾಲ ಅಲ್ಲಾಡಿಸುವವು ಗೊದಮೊಟ್ಟೆ. ಒಮ್ಮೆ ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ, ಈ ಕೆಲಸವನ್ನು ಅವರಿಗೇ ವಹಿಸಬಹುದು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಗೆರೆಗೆ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ. ಕಪ್ಪೆಯ ನೊರೆಗೂಡು ಇಲ್ಲವೆಂದು ಖಚಿತಪಡಿಸಿಕೊಂಡು ಅಲ್ಲಿ ಒರಟು ಬ್ರಷ್ಷಿನಿಂದ ಉಜ್ಜಿ. ಇದನ್ನು ತಪ್ಪದೆ ಮಾಡುವ ವ್ಯವಧಾನ ಇಲ್ಲದವರು ತೊಟ್ಟಿ ಇಡದಿರುವುದೇ ಲೇಸು.

ಲಾರ್ವಕ್ಕೆಂದು ಗಂಬೂಸಿಯಾ ಅಥವಾ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಜೊತೆ ಕಪ್ಪೆಯ ಮೊಟ್ಟೆ, ಎಳೇ ಗೊದಮೊಟ್ಟೆಯೂ ಖಾಲಿ. ಮೀನೋ ಕಪ್ಪೆಯೋ, ಒಂದನ್ನು ಆರಿಸಿಕೊಳ್ಳಿ.

ಯಾರು ಬರುತ್ತಾರೆ

ಮಲೆನಾಡು, ಕರಾವಳಿಯ ಬಚ್ಚಲುಮನೆಗಳಲ್ಲಿ ಹಂಡೆಯ ಹಿಂದೆ, ಕನ್ನಡಿಯ ಸಂದಿಯಲ್ಲಿ ಕಾಲು ಮಡಚಿ ಅಂಟಿ ಕೂರುವ ತೆಳ್ಳನೆಯ ಕಂದು ಮರಗಪ್ಪೆ ಎಲ್ಲರಿಗೂ ಪರಿಚಯ. ತೊಟ್ಟಿಗೆ ಮೊದಲು ಬರುವವರಲ್ಲಿ ಅದೂ ಒಂದು. ಅದು ಕೂಗುವುದು ಮರದ ಹಲಗೆಗೆ ಯಾರೋ ಟಕಟಕ ಬಡಿದಂತೆ. ಬಚ್ಚಲಲ್ಲೇ ಇರಲಿ ಎಂದು ನೀವು ಒಪ್ಪಿಕೊಂಡಿದ್ದರೆ ಫಿನಾಯಿಲ್, ಆಸಿಡ್ ಹಾಕಿ ತೊಳೆಯುವ ದಿನ ಅದನ್ನು ಒದ್ದೆ ಕೈಯಲ್ಲಿ ಹೊರಗಿನ ಕೆಸುವಿನ ಎಲೆಗೆ ದಾಟಿಸಿ. ರಾತ್ರಿ ಬೇಕೆನಿಸಿದರೆ ತಾನೇ ವಾಪಸು ಬರುತ್ತದೆ.

ಬೀದಿದೀಪದ ಕೆಳಗೆ ಗಂಭೀರವಾಗಿ ಕೂತು ಬಿದ್ದ ಹುಳ ನುಂಗುವ ನೆಲಗಪ್ಪೆ ಬಯಲುಸೀಮೆಯಲ್ಲೂ, ಬೆಂಗಳೂರಿನ ಸೈಟುಗಳಲ್ಲೂ ಇದೆ. ಮುಟ್ಟಹೋದರೆ ನೀರಿನ ಮೇಲೆ ಪುಟಪುಟನೆ ಜಿಗಿದು ಓಡುವುದು ಇನ್ನೊಂದು ಜಾತಿ, ಇದು ನೀರು ಬಿಟ್ಟು ದೂರ ಹೋಗದು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ, ಕಿರುಬಾಯಿಯ ಕಪ್ಪೆಗಳೂ ಬರಬಹುದು. ಇರುವೆ, ಗೆದ್ದಲು ಅವುಗಳ ಊಟ. ಮೈಗೂ ಕೂಗಿಗೂ ಸಂಬಂಧವೇ ಇಲ್ಲ, ಇಷ್ಟು ಚಿಕ್ಕ ಪ್ರಾಣಿ ಇಷ್ಟು ಜೋರಾಗಿ ಕೂಗುತ್ತದೆಂದು ಟಾರ್ಚ್ ಹಿಡಿದು ನೋಡಿದರೂ ನಂಬಿಕೆ ಬಾರದು. ಈ ಗುಂಪಿನ ಒಂದು ಹೊಸ ಜಾತಿ ಮಣಿಪಾಲದ ಸುತ್ತಲಿನ ಮುರಕಲ್ಲಿನ ಪ್ರದೇಶದಲ್ಲಿ ಸಿಕ್ಕಿ, 2016ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಮನೆಗಳ ನಡುವೆಯೇ ಇತ್ತು, ಯಾರೂ ಸರಿಯಾಗಿ ನೋಡಿರಲಿಲ್ಲ ಅಷ್ಟೇ.

ಕಾಡಿನ ಹಳ್ಳದ ಕಪ್ಪೆಗಳು ಮಾತ್ರ ನಿಮ್ಮ ತೊಟ್ಟಿಗೆ ಬರುವುದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಜಾತಿಯೆಂದು ವಿವರಿಸಿದ ಕುಂಬಾರ ಕಪ್ಪೆಯನ್ನೇ ನೋಡಿ. ಗಂಡು ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೆ ಹರಿಯುವ ಹಳ್ಳ, ಅಲ್ಲಿಯ ಕೊಂಬೆ, ಅಲ್ಲಿಯ ಕೆಸರು ಬೇಕು. ಅಂಥವುಗಳನ್ನು ನೋಡಲು ನಾವೇ ಅಲ್ಲಿಗೆ ಹೋಗಬೇಕು.

"ಕಪ್ಪೆ ಬಂದ್ರೆ ಹಾವು ಬತ್ತದೆ ಕಣ್ರೀ" ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಸುಳ್ಳೇನಲ್ಲ. ಹೆಚ್ಚಾಗಿ ಬರುವುದು ನೀರೊಳ್ಳೆ, ವಿಷವಿಲ್ಲದ್ದು, ಹಿಡಿಯಹೋದರೆ ಮಾತ್ರ ಕಚ್ಚುತ್ತದೆ. ನಾಗರಹಾವಿಗೂ ಕಪ್ಪೆ ಇಷ್ಟವೇ. ಆದ್ದರಿಂದ ತೊಟ್ಟಿ ಬಾಗಿಲಿಂದ ಹತ್ತು ಹೆಜ್ಜೆ ಆಚೆ ಇರಲಿ, ಹೋಗುವ ದಾರಿಯ ಹುಲ್ಲು ಸವರಿರಲಿ, ರಾತ್ರಿ ಟಾರ್ಚ್ ಇಲ್ಲದೆ ಮಕ್ಕಳನ್ನು ಕಳಿಸಬೇಡಿ.

ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಬಾಲ್ಕನಿಗೆ ಕಪ್ಪೆ ಬರದು, ಅಲ್ಲಿ ತೊಟ್ಟಿ ಇಟ್ಟರೆ ಬರುವುದು ಸೊಳ್ಳೆ ಒಂದೇ. ಅಂಥವರು ಕೆಳಗಿನ ತೋಟದ ಮೂಲೆಗೆ ಸಂಘದವರನ್ನು ಒಪ್ಪಿಸುವುದು ಒಳ್ಳೆಯದು. ಒಪ್ಪದಿದ್ದರೆ ಮಳೆ ನಿಂತ ರಾತ್ರಿ ಹತ್ತಿರದ ಕೆರೆ ಏರಿಗೆ ಹೋಗಿ ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳಿಗೆ ಫೋಟೋ ಹಾಕಿದರೆ ಜಾತಿ ಗುರುತಿಸಲು ಬಲ್ಲವರು ನೆರವಾಗುತ್ತಾರೆ.

ಮೊಟ್ಟೆಯಿಂದ ಮರಿಯವರೆಗೆ

ಜೋರು ಮಳೆಯ ಮರುದಿನ ಬೆಳಿಗ್ಗೆ ತೊಟ್ಟಿ ನೋಡಿ. ಗಿಡದ ಕಾಂಡಕ್ಕೆ ಸುತ್ತಿಕೊಂಡ, ಲೋಳೆಯೊಳಗೆ ಕರಿಮಣಿ ಪೋಣಿಸಿದಂಥ ಉದ್ದನೆಯ ದಾರವಿದ್ದರೆ ಅದು ನೆಲಗಪ್ಪೆಯದು. ನೀರಿನ ಮೇಲೆ ತೆಳ್ಳನೆ ಪದರವಾಗಿ ಹರಡಿದ ಸಣ್ಣ ಸಣ್ಣ ಚುಕ್ಕೆಗಳು ಕಿರುಬಾಯಿಯವುಗಳದ್ದು. ನೀರಿಗೆ ಗೇಣು ಮೇಲೆ, ಕೆಸುವಿನ ಎಲೆಗೋ ತೊಟ್ಟಿಯ ಗೋಡೆಗೋ ಅಂಟಿದ ಬಿಳಿ ನೊರೆಯ ಮುದ್ದೆ ಮರಗಪ್ಪೆಯದು. ಹೆಣ್ಣು ಸುರಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ಎಬ್ಬಿಸಿದ ನೊರೆ ಅದು. ಹೊರಗಿನ ಪದರ ಒಣಗಿ ಹಳದಿ ತಿರುಗುತ್ತದೆ, ಒಳಗೆ ಮೊಟ್ಟೆಗಳು ತೇವದಲ್ಲೇ ಇರುತ್ತವೆ. ಕೆಲವು ದಿನಗಳಲ್ಲಿ ಅಡಿಭಾಗ ಕರಗಿ ಮರಿಗಳು ಒಂದೊಂದಾಗಿ ನೀರಿಗೆ ಉದುರುತ್ತವೆ. ಗಲೀಜು ಎಂದು ಕಿತ್ತೆಸೆಯಬೇಡಿ. ನೀರಿರುವ ಬಚ್ಚಲ ಬಕೆಟ್ಟಿನ ಮೇಲೆ ಗೂಡು ಕಟ್ಟಿದ್ದರೆ ಆ ಬಕೆಟ್ಟನ್ನು ಅದಕ್ಕೇ ಬಿಟ್ಟು ಸ್ನಾನಕ್ಕೆ ಬೇರೆ ತಂದುಕೊಳ್ಳಿ.

ಮುಂದಿನ ಒಂದೂವರೆ-ಎರಡು ತಿಂಗಳು ಹೆಚ್ಚು ಕೆಲಸವಿಲ್ಲ. ಆಹಾರ ಹಾಕಬೇಕಾಗಿಲ್ಲ. ತೊಟ್ಟಿ ಚಿಕ್ಕದಾಗಿ ಗೊದಮೊಟ್ಟೆ ಕಿಕ್ಕಿರಿದಿದ್ದರೆ ಬೇಯಿಸಿದ ಹರಿವೆ ಅಥವಾ ಪಾಲಕ್ ಸೊಪ್ಪಿನ ಒಂದು ಚಿಟಿಕೆ, ಅದೂ ವಾರಕ್ಕೆ ಒಂದೆರಡು ಸಲ. ಅನ್ನ ಹಾಕಿದರೆ ನೀರು ನಾರುತ್ತದೆ. ನಾತ ಬಂದರೆ ಕಾಲುಭಾಗ ನೀರು ತೆಗೆದು ಮಳೆನೀರು ತುಂಬಿಸಿ, ಪೂರ್ತಿ ಬದಲಿಸಬೇಡಿ. ಎಷ್ಟಿವೆ ಎಂದು ಮಕ್ಕಳು ಎಣಿಸಲು ಕೂರುತ್ತಾರೆ. ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೆಂದರೇನು ಎಂಬುದು ಆಗ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹುಟ್ಟಿದವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ. ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗಿಂದಲೇ ಬೇಟೆಯಾಡುತ್ತದೆ, ಮಿಂಚುಳ್ಳಿ ಮೇಲಿಂದ ಎರಗುತ್ತದೆ. ಯಾರನ್ನೂ ಓಡಿಸಬೇಡಿ.

ಹಿಂಗಾಲು ಮೊದಲು ಮೂಡುತ್ತದೆ, ಬಾಲದ ಬುಡದಲ್ಲಿ ಎರಡು ಮೊಳಕೆಯಂತೆ. ಮುಂಗಾಲುಗಳು ಚರ್ಮದೊಳಗೇ ಬೆಳೆದಿದ್ದು ಒಂದು ದಿನ ಮೊಣಕೈ ಚಾಚಿ ತಟ್ಟನೆ ಹೊರಬರುತ್ತವೆ. ಅಲ್ಲಿಂದ ಮುಂದಿನ ಕೆಲವು ದಿನ ತೀರಾ ನಾಜೂಕಿನವು. ಮರಿ ಏನೂ ತಿನ್ನುವುದಿಲ್ಲ, ತನ್ನ ಬಾಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಕಿವಿರು ಹೋಗಿ ಶ್ವಾಸಕೋಶ ಕೆಲಸ ಶುರುಮಾಡಿರುತ್ತದೆ. ಹತ್ತಲು ದಾರಿಯಿಲ್ಲದಿದ್ದರೆ ಹುಟ್ಟಿದ ನೀರಿನಲ್ಲೇ ಮುಳುಗಿ ಸಾಯುತ್ತದೆ. ಓರೆ ಕೊಂಬೆ ನೀರಿಗೆ ತಾಗಿದೆಯೇ, ಮಳೆ ಕಡಿಮೆಯಾಗಿ ನೀರು ಇಳಿದು ದಾರಿ ತಪ್ಪಿದೆಯೇ ಎಂದು ದಿನಾ ನೋಡಿ. ಹತ್ತಿ ಕೂತ ಮರಿಗಳನ್ನು ಮಕ್ಕಳು ಕೈಯಲ್ಲಿ ಹಿಡಿಯದಿರಲಿ, ಮಂಡಿಯೂರಿ ಕೂತು ನೋಡಲಿ.

ದೊಡ್ಡ ಕಪ್ಪೆ ಹುಳ ನುಂಗುವುದನ್ನು ನೋಡಲು ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಬೆಳಕನ್ನು ನೇರ ಕಣ್ಣಿಗೆ ಬಿಡದೆ ಪಕ್ಕಕ್ಕೆ ಹಿಡಿಯಿರಿ. ನುಂಗುವಾಗ ಅದು ಗಟ್ಟಿಯಾಗಿ ಕಣ್ಣು ಮುಚ್ಚುತ್ತದೆ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ಬಾಯಿಯ ಮೇಲ್ಛಾವಣಿಯನ್ನು ಒತ್ತಿ ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಇದನ್ನು ಒಮ್ಮೆ ಕಂಡ ಮಗು ಮತ್ತೆ ಡಬ್ಬಿ ಕೇಳುವುದಿಲ್ಲ.

ಬೇಸಿಗೆಗೆ

ಮಳೆಗಾಲ ಮುಗಿದು ಗೊದಮೊಟ್ಟೆಗಳೆಲ್ಲ ಹೊರಟ ಮೇಲೆ, ಫೆಬ್ರವರಿ ಹೊತ್ತಿಗೆ, ತಳದ ಕೆಸರಿನಲ್ಲಿ ಅರ್ಧದಷ್ಟನ್ನು ತೆಗೆದು ಗಿಡಗಳಿಗೆ ಹಾಕಿ. ತೆಗೆದ ಕೆಸರನ್ನು ಒಂದು ರಾತ್ರಿ ತೊಟ್ಟಿಯ ಅಂಚಿನಲ್ಲೇ ಬಿಟ್ಟರೆ ಒಳಗಿದ್ದ ಜೀವಿಗಳು ವಾಪಸು ನೀರಿಗೆ ಹರಿದು ಹೋಗುತ್ತವೆ. ನೀರಿನ ಅಭಾವವಿದ್ದರೆ ತೊಟ್ಟಿ ಒಣಗಲಿ, ಚಿಂತೆಯಿಲ್ಲ, ನಮ್ಮ ಬಹುಪಾಲು ಕಪ್ಪೆಗಳು ಬೇಸಿಗೆಯನ್ನು ನೆಲದಡಿಯಲ್ಲಿ ಕಳೆಯಲು ಕಲಿತವು. ಎಲೆರಾಶಿಗೆ ಬೆಂಕಿ ಹಾಕಬೇಡಿ. ಕುಂಡಗಳ ಮಣ್ಣು ಬದಲಿಸುವಾಗ ಸಲಿಕೆ ಚುಚ್ಚುವ ಮುನ್ನ ಕೈಗವಸು ಹಾಕಿಕೊಂಡು ಮೇಲಿನ ಗೇಣು ಮಣ್ಣನ್ನು ಕೈಯಲ್ಲೇ ಬಿಡಿಸಿ ನೋಡಿ. ಒಳಗೆ ಕಪ್ಪೆ ಸಿಕ್ಕರೆ ಆ ಕುಂಡವನ್ನು ಹಾಗೆಯೇ ಮುಚ್ಚಿ, ವಾರಕ್ಕೊಮ್ಮೆ ನೀರು ಚಿಮುಕಿಸುತ್ತಾ ಜೂನಿನವರೆಗೆ ಬಿಟ್ಟುಬಿಡಿ.